ಹಸುಗೂಸಿಗೆ ಉಸಿರಿನ ಸ್ಟೀರಾಯ್ಡ್ ಬೇಕೇ?

ಚೇಳೂರಿನ ಸೋದರಿಗೆ,

27ನೇ ವಾರಕ್ಕೇ ಹುಟ್ಟಿ ತುಮಕೂರಿನ ಆಸ್ಪತ್ರೆಯಲ್ಲಿರುವ ಮಗುವಿಗೆ, ಆಸ್ತಮಾದವರು ಎಳೆದುಕೊಳ್ಳುವ ಸ್ಟೀರಾಯ್ಡ್ ಕೊಟ್ಟು ಶ್ವಾಸಕೋಶ ಉಳಿಸಬಾರದೇ ಎಂದು ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ. 2015ರಲ್ಲಿ ಪ್ರಕಟವಾದ, 863 ಶಿಶುಗಳ ಅಧ್ಯಯನದಲ್ಲಿ ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಬ್ಯುಡೆಸೊನೈಡ್ ಎಂಬ ಇಂಥ ಸ್ಟೀರಾಯ್ಡ್ ಪಡೆದವರಲ್ಲಿ ಸುಮಾರು ಶೇ 28, ಪಡೆಯದವರಲ್ಲಿ ಶೇ 38 ಇತ್ತು. ಆದರೆ ಎರಡು ವರ್ಷದ ಹೊತ್ತಿಗೆ ಔಷಧ ಪಡೆದವರಲ್ಲೇ ಸಾವು ಹೆಚ್ಚು: ಶೇ 19.9, ಉಳಿದವರಲ್ಲಿ ಶೇ 14.5. ನಿಮ್ಮ ವೈದ್ಯರು ಬೇಡವೆಂದದ್ದು ಸರಿ ಎಂದೇ ನಾನೂ ಹೇಳುತ್ತೇನೆ.

ಹೆರಿಗೆಗೆ ಮುಂಚೆ ನಿಮಗೆ ಹಾಕಿದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದಿನ ಮಾತೇ ಬೇರೆ. ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದೇ ಅದನ್ನು ಕೊಡುವುದು.

ಈಗ ಮಗುವನ್ನು ಕಾಯುವುದು ಮೂಗಿಗೆ ಹಿತವಾದ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್, ಉಸಿರಾಟ ಮರೆಯದಂತೆ ನೋಡಿಕೊಳ್ಳುವ ಕೆಫೀನ್, ಅಳೆದು ಕೊಡುವ ಆಮ್ಲಜನಕ. ಪುಟ್ಟ ಪಾದಕ್ಕೆ ಸುತ್ತಿದ ಕೆಂಪು ಬೆಳಕಿನ ಪಟ್ಟಿ ನೋಡಿದ್ದೀರಲ್ಲ? ಆಮ್ಲಜನಕದಲ್ಲಿರುವಾಗ, ರಕ್ತದ ಆಮ್ಲಜನಕ ಅಳೆಯುವ ಅದರ ಅಂಕಿ 90ರಿಂದ 95ರೊಳಗಿದ್ದರೆ ಸಾಕು. ನೂರು ತೋರಿಸಲಿಲ್ಲವೆಂದು ಗಾಬರಿಯಾಗಬೇಡಿ, ಅತಿಯಾದರೆ ಕಣ್ಣಿಗೂ ಶ್ವಾಸಕೋಶಕ್ಕೂ ಕೇಡು.

ನಿಮ್ಮ ಹಾಲನ್ನು ಹಿಂಡಿ ಕೊಡುತ್ತಿರಿ, ಅದಕ್ಕೆ ಸಾಟಿಯಿಲ್ಲ. ವೈದ್ಯರು ಒಪ್ಪಿದ ದಿನದಿಂದಲೇ ಎದೆಗೊತ್ತಿ ಮಲಗಿಸಿಕೊಳ್ಳಿ. ಮನೆಗೆ ಕರೆತಂದ ಮೇಲೆ ಸೌದೆ ಒಲೆ, ಬೀಡಿಯ ಹೊಗೆ ಮಗುವಿನ ಹತ್ತಿರ ಸುಳಿಯಕೂಡದು.