'ಬ್ಲ್ಯಾಕ್ ಹಾಕ್ ಡೌನ್': ಯುದ್ಧಚಿತ್ರದ ವಾಸ್ತವಿಕತೆ ಮತ್ತು ಪಾತ್ರಚಿತ್ರಣ

ಯುದ್ಧಚಿತ್ರಗಳ ವಿಮರ್ಶೆಯಲ್ಲಿ 'ನೈಜ' ಎಂಬ ವಿಶೇಷಣವು ಬಹುಮಟ್ಟಿಗೆ ಆಯುಧ, ಸಮವಸ್ತ್ರ, ಸ್ಫೋಟಗಳ ನಿಖರತೆಗೆ ಸಲ್ಲುತ್ತದೆ. ಮನುಷ್ಯರ ಚಿತ್ರಣಕ್ಕೂ ಈ ಮಾತು ಅನ್ವಯಿಸುವುದೇ ಎಂಬುದನ್ನು ರಿಡ್ಲಿ ಸ್ಕಾಟ್ ನಿರ್ದೇಶನದ 'ಬ್ಲ್ಯಾಕ್ ಹಾಕ್ ಡೌನ್' (2001) ಚಿತ್ರದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1993ರ ಅಕ್ಟೋಬರ್ 3ರಂದು ಸೊಮಾಲಿಯಾದ ಮೊಗದಿಶುವಿನಲ್ಲಿ ಮೊಹಮದ್ ಫರಾ ಐದೀದನ ಆಪ್ತರನ್ನು ಸೆರೆಹಿಡಿಯಲು ಹೊರಟ ಅಮೆರಿಕದ ಪಡೆಯ ಎರಡು ಹೆಲಿಕಾಪ್ಟರುಗಳು ನಗರದೊಳಗೇ ಉರುಳಿದವು. ಸೆರೆಯ ಕಾರ್ಯಾಚರಣೆ ರಕ್ಷಣಾ ಕಾರ್ಯಾಚರಣೆಯಾಗಿ ಮಾರ್ಪಟ್ಟು ಮರುದಿನ ಬೆಳಗಿನವರೆಗೂ ನಡೆಯಿತು. ಮೊರಾಕೊದಲ್ಲಿ ಚಿತ್ರೀಕರಿಸಲಾದ ಈ ಚಿತ್ರಕ್ಕೆ ಸಂಕಲನ ಹಾಗೂ ಧ್ವನಿಗಾಗಿ ಆಸ್ಕರ್ ದೊರೆತದ್ದು ಅದರ ವಾಸ್ತವಿಕತೆಯ ನೆಲೆಯನ್ನು ಸೂಚಿಸುತ್ತದೆ.

ಇಲ್ಲಿನ ಸೈನಿಕರಿಗೆ ಪೂರ್ವಕಥೆ ಇಲ್ಲವೆನ್ನುವಷ್ಟು ಕಡಿಮೆ. ಶಿರಸ್ತ್ರಾಣದ ಮೇಲೆ ಬರೆದ ಹೆಸರಿನಿಂದಲೇ ಹಲವರನ್ನು ಗುರುತಿಸಬೇಕಾಗುತ್ತದೆ. ಇದು ದೋಷವೆಂದು ಹೇಳುವವರುಂಟು, ನಾನು ಒಪ್ಪಲಾರೆ. ಅಂತರಂಗದ ವಿವರಣೆಯನ್ನು ಕೈಬಿಟ್ಟು ಕ್ರಿಯೆಯೊಂದರಿಂದಲೇ ಪಾತ್ರವನ್ನು ಕಟ್ಟುವ ಕ್ರಮವಿದು. ಗಾಯಗೊಂಡ ಸ್ಮಿತ್‌ನ ತೊಡೆಯೊಳಗೆ ಬೆರಳಿಟ್ಟು ಕಡಿದ ರಕ್ತನಾಳವನ್ನು ಹುಡುಕುವ ವೈದ್ಯಕೀಯ ಸಹಾಯಕ, ಭರವಸೆಯ ಮಾತಿಗಾಗಿ ತಡಕಾಡುವ ದಳನಾಯಕ ಎವರ್ಸ್‌ಮನ್: ಇವರ ಬಗೆಗೆ ನಮಗೆ ಹೆಚ್ಚೇನೂ ತಿಳಿಯದಿದ್ದರೂ ಅವರ ಅಸಹಾಯಕತೆ ಪೂರ್ಣವಾಗಿ ತಿಳಿಯುತ್ತದೆ. ಅನುಮತಿಯನ್ನು ಮತ್ತೆ ಮತ್ತೆ ಕೇಳಿ, ಎರಡನೆಯ ಹೆಲಿಕಾಪ್ಟರಿನ ಚಾಲಕ ಡ್ಯುರಾಂಟ್‌ನ ರಕ್ಷಣೆಗಿಳಿದು ಮಡಿದ ಗಾರ್ಡನ್ ಮತ್ತು ಶುಘಾರ್ಟ್‌ರ ಪ್ರಸಂಗದಲ್ಲಿ ವೀರೋಚಿತ ಸಂಭಾಷಣೆಯೇ ಇಲ್ಲದಿರುವುದು ಗಮನಾರ್ಹ.

ಆದರೆ ಈ ಸಂಯಮ ಒಂದು ಪಕ್ಷಕ್ಕೆ ಮಾತ್ರ ಮೀಸಲು. ಸೊಮಾಲಿಗಳು ಬಹುತೇಕ ಗುಂಪಾಗಿ, ಧೂಳಿನೊಳಗಿಂದ ನುಗ್ಗುವ ಅಲೆಯಾಗಿ ಕಾಣಿಸಿಕೊಳ್ಳುತ್ತಾರೆ. ಆರಂಭದ ಅಟ್ಟೋ, ಡ್ಯುರಾಂಟ್‌ನನ್ನು ಪ್ರಶ್ನಿಸುವ ಫಿರಿಂಬಿ ಮೊದಲಾದ ಕೆಲವರಿಗಷ್ಟೇ ಮಾತಿನ ಅವಕಾಶ. ಚಿತ್ರಕ್ಕೆ ಆಧಾರವಾದ ಮಾರ್ಕ್ ಬೌಡನ್‌ನ ಕೃತಿ (1999) ಹೀಗಿಲ್ಲ. ಲೇಖಕ ಮೊಗದಿಶುವಿಗೇ ಹೋಗಿ ಅಲ್ಲಿಯವರನ್ನು ಸಂದರ್ಶಿಸಿದ್ದ. ಆದ್ದರಿಂದ ಈ ಮೌನವನ್ನು ಆಕರದ ಕೊರತೆಗೆ ಆರೋಪಿಸುವಂತಿಲ್ಲ. ಅದು ರೂಪಾಂತರದಲ್ಲಿ ನಡೆದ ಆಯ್ಕೆ. ಸಿಕ್ಕಿಬಿದ್ದವರನ್ನು ಹೊರತರಲು ಕವಚವಾಹನಗಳೊಂದಿಗೆ ಬಂದ ಮಲೇಷ್ಯಾ ಹಾಗೂ ಪಾಕಿಸ್ತಾನದ ಸೈನಿಕರ ಪಾಲೂ ಇದೇ ಆಯ್ಕೆಯಲ್ಲಿ ಕುಗ್ಗಿದೆ. ರಕ್ಷಣೆಯ ಕಥೆಯಲ್ಲಿ ರಕ್ಷಕರೇ ಅಂಚಿಗೆ ಸರಿದಿರುವುದು ವಿಚಿತ್ರ.

ಕನ್ನಡದ ಓದುಗರಿಗೆ ಇಲ್ಲಿ ರನ್ನನ 'ಗದಾಯುದ್ಧ' ನೆನಪಾಗದಿರದು. ರಣರಂಗದಲ್ಲಿ ನಡೆದು ಬರುವ ದುರ್ಯೋಧನ ತನ್ನವರ ಶವಗಳ ನಡುವೆ ಅಭಿಮನ್ಯುವಿನ ಶವವನ್ನೂ ಗುರುತಿಸಿ, ಶತ್ರುಪುತ್ರನ ಶೌರ್ಯಕ್ಕೆ ಕೈಮುಗಿಯುತ್ತಾನೆ. ಹಳಗನ್ನಡದ ಮಹಾಕಾವ್ಯವನ್ನೂ ಹಾಲಿವುಡ್ ಚಿತ್ರವನ್ನೂ ಒಂದೇ ತಕ್ಕಡಿಯಲ್ಲಿಡುವುದು ಉಚಿತವಲ್ಲವಾದರೂ, ಸತ್ತವರಲ್ಲಿ ಯಾರಿಗೆ ಹೆಸರಿದೆ ಎಂಬ ಪ್ರಶ್ನೆಯನ್ನು ಎರಡಕ್ಕೂ ಕೇಳಬಹುದು. ಸ್ಕಾಟ್‌ನ ಚಿತ್ರದ ಅಂತಿಮ ಬರಹವು ಸಾವಿರಕ್ಕೂ ಹೆಚ್ಚು ಸೊಮಾಲಿಗಳು ಸತ್ತರೆಂದು ಒಂದು ಸಂಖ್ಯೆಯಲ್ಲಿ ಹೇಳಿ, ಮಡಿದ 19 ಅಮೆರಿಕನ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೊಡುತ್ತದೆ.