ಕಣ್ಣಿಲ್ಲದೆ ಅಡಿಗೆ: ಹಾಟ್ ಡಾಗ್ ಎಂಬ ತಿನಿಸಿನ ಪಾಠ

ಅನ್ನವು ಬೆಂದಿತೋ ಇಲ್ಲವೋ ಎಂಬದನ್ನು ಒಂದು ಅಗುಳನ್ನು ಹಿಸುಕಿ ತಿಳಿಯಬೇಕೆಂದು ನಮ್ಮ ಶಾಲೆಯ ಗೃಹಕೃತ್ಯದ ತರಗತಿಯಲ್ಲಿ ಕಲಿತವರು ಈ ಸಂಚಿಕೆಯನ್ನು ಓದುವವರಲ್ಲಿ ಅನೇಕರಿರುವರು. ಒಗ್ಗರಣೆಯ ಸಾಸಿವೆಯು ಸಿಡಿದುದನ್ನು ನಾವು ಕಿವಿಯಿಂದಲೂ, ಮೆಂತ್ಯವು ಹದವಾಗಿ ಹುರಿದುದನ್ನು ಮೂಗಿನಿಂದಲೂ, ಹಿಟ್ಟಿನ ಹದವನ್ನು ಬೆರಳಿನಿಂದಲೂ ಅರಿಯುತ್ತೇವೆ. ಹೀಗಿದ್ದರೂ ಕಣ್ಣು ಕಾಣದ ಹೆಣ್ಣುಮಗಳೊಬ್ಬಳು ಒಲೆಯ ಬಳಿಗೆ ಬಂದಳೆಂದರೆ ನಮ್ಮೆಲ್ಲರ ಎದೆಯೂ ನಡುಗುವದು. "ನೀನು ಕೂತಿರು, ನಾವೇ ಮಾಡಿ ಕೊಡುತ್ತೇವೆ" ಎಂದು ಪ್ರೀತಿಯಿಂದಲೇ ಅವಳನ್ನು ಅಡಿಗೆಮನೆಯಿಂದ ಹೊರಕ್ಕೆ ಕಳುಹಿಸುವೆವು. ಇಂಥಾ ಪ್ರೀತಿಯ ವಿಷಯವಾಗಿಯೂ, ಅಮೇರಿಕಾ ದೇಶದ ಒಂದು ಸುಲಭವಾದ ತಿನಿಸಿನ ವಿಷಯವಾಗಿಯೂ ನಾವು ಕಂಡು ಕಲಿತುದನ್ನು ಇಲ್ಲಿ ಬರೆಯುತ್ತೇವೆ.

ನಮ್ಮಲ್ಲಿ ಓದಿದ ಒಬ್ಬ ವಿದ್ಯಾರ್ಥಿನಿಯು ಮದುವೆಯಾದ ಮೇಲೆ ಗಂಡನ ಸಂಗಡ ಶಿಕಾಗೋ ಪಟ್ಟಣಕ್ಕೆ ಹೋಗಿ ಅಲ್ಲಿಯೇ ನೆಲೆಸಿದ್ದಾಳೆ. ಅವಳ ಒಬ್ಬಳೇ ಮಗಳು ಒಂಭತ್ತನೆಯ ವಯಸ್ಸಿನಲ್ಲಿ ರೋಗದಿಂದ ದೃಷ್ಟಿಯನ್ನು ಕಳಕೊಂಡಳು. ತಾಯಿಯು ಆಕೆಯನ್ನು ಶಾಲೆಗೆ ಕಳುಹಿಸಿದಳು, ಬ್ರೈಲ್ ಲಿಪಿಯನ್ನು ಕಲಿಸಿದಳು, ಪಿಯಾನೋ ವಾದನವನ್ನೂ ಕಲಿಸಿದಳು. ಒಲೆಯನ್ನು ಮಾತ್ರ ಮುಟ್ಟಗೊಡಲಿಲ್ಲ. ಹದಿನಾರು ವರುಷ ತುಂಬಿದಾಗ ಆ ಹುಡುಗಿಯು, "ಅಮ್ಮಾ, ನಾನು ಕಾಲೇಜಿಗೆ ಹೋಗಿ ಒಬ್ಬಳೇ ಇರುವಾಗ ಊಟಕ್ಕೆ ಏನು ಮಾಡಲಿ?" ಎಂದು ಕೇಳಿದಳಂತೆ. ತಾಯಿಗೆ ಉತ್ತರ ತೋಚಲಿಲ್ಲ. ಕೊನೆಗೆ ಅಂಧರಿಗೆ ಮನೆಗೆಲಸವನ್ನು ಕಲಿಸುವ ಒಬ್ಬ ಉಪಾಧ್ಯಾಯಿನಿಯನ್ನು ಮನೆಗೆ ಕರೆಸಿದರು. ಆ ಉಪಾಧ್ಯಾಯಿನಿಗೂ ಕಣ್ಣು ಕಾಣದು. ಆ ಬೇಸಗೆಯಲ್ಲಿ ನಾವು ಕೆಲವು ವಾರ ಅವರ ಮನೆಯಲ್ಲಿ ಅತಿಥಿಗಳಾಗಿದ್ದುದರಿಂದ ಪಾಠಗಳನ್ನು ಮೊದಲಿನಿಂದ ಕೊನೆಯ ವರೆಗೆ ನೋಡುವ ಸಂದರ್ಭ ಒದಗಿತು. ನಾವೂ ಗೃಹಕೃತ್ಯವನ್ನು ಕಲಿಸಿದವರಾದ್ದರಿಂದ ಸ್ವಲ್ಪ ಅಹಂಕಾರದಿಂದಲೇ ನೋಡಲು ಕೂತೆವೆಂದು ಒಪ್ಪಿಕೊಳ್ಳಬೇಕು.

ಉಪಾಧ್ಯಾಯಿನಿಯು ಮೊದಲನೆಯ ಪಾಠಕ್ಕೆ ಆರಿಸಿಕೊಂಡದ್ದು ಹಾಟ್ ಡಾಗ್. ಹೆಸರು ಕೇಳಿ ಯಾರೂ ಬೆದರಬೇಕಾಗಿಲ್ಲ; ನಾಯಿಗೂ ಇದಕ್ಕೂ ಸಂಬಂಧವಿಲ್ಲ. ನುಣ್ಣಗೆ ಅರೆದ ಮಾಂಸಕ್ಕೆ ಉಪ್ಪು, ಸಂಬಾರಗಳನ್ನು ಕೂಡಿಸಿ ಗೇಣುದ್ದದ ಕೊಳವೆಯಂತೆ ಮಾಡಿದ ಸಾಸೇಜನ್ನು ಉದ್ದವಾದ ಬನ್ನಿನ ಸೀಳಿನೊಳಗಿಟ್ಟರೆ ಅದೇ ಹಾಟ್ ಡಾಗ್. ಜರ್ಮನಿಯ ಫ್ರಾಂಕ್‌ಫರ್ಟ್ ಪಟ್ಟಣದ ಹೆಸರಿನಿಂದ ಇದಕ್ಕೆ ಫ್ರಾಂಕ್‌ಫರ್ಟರ್ ಎಂದೂ, ವಿಯೆನ್ನಾ ಪಟ್ಟಣದ ಹೆಸರಿನಿಂದ ವೀನರ್ ಎಂದೂ ಕರೆಯುವದುಂಟು. ಹತ್ತೊಂಭತ್ತನೆಯ ಶತಮಾನದಲ್ಲಿ ಆ ಸೀಮೆಗಳಿಂದ ಅಮೇರಿಕಾಕ್ಕೆ ವಲಸೆ ಹೋದವರು ಇದನ್ನು ತಮ್ಮ ಸಂಗಡ ಕೊಂಡೊಯ್ದರು. ಬೀದಿಯ ಗಾಡಿಗಳಲ್ಲಿ ಮಾರುವ ಈ ಬಡವರ ತಿನಿಸನ್ನು ೧೯೩೯ನೇ ಜೂನ್ ತಿಂಗಳಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ತಮ್ಮ ಹೈಡ್ ಪಾರ್ಕಿನ ವನಭೋಜನದಲ್ಲಿ ಇಂಗ್ಲೆಂಡಿನ ಆರನೆಯ ಜಾರ್ಜ್ ದೊರೆಗೂ ಬಡಿಸಿದರು. ಇಂದು ದನದ ಮಾಂಸದ್ದು, ಹಂದಿಯದು, ಕೋಳಿಯದು ಮಾತ್ರವಲ್ಲದೆ ಮಾಂಸವಿಲ್ಲದ ಸಾಸೇಜುಗಳೂ ಸಿಕ್ಕುತ್ತವೆ.

ಇದನ್ನೇ ಮೊದಲು ಕಲಿಸುವದಕ್ಕೆ ತಕ್ಕ ಕಾರಣವಿತ್ತು. ಅಂಗಡಿಯ ಸಾಸೇಜು ಸಾಮಾನ್ಯವಾಗಿ ಕಾರ್ಖಾನೆಯಲ್ಲಿಯೇ ಬೆಂದು ಬರುವದು; ಹಸಿಯ ಮಾಂಸದಂತೆ ಬಣ್ಣವನ್ನು ನೋಡಿ ಹದ ತಿಳಿಯಬೇಕಾದ ಪ್ರಮೇಯವಿಲ್ಲ. ಆದರೂ ಬೆಂದದ್ದೆಂದು ತಣ್ಣಗೇ ತಿನ್ನಕೂಡದು. ಲಿಸ್ಟೀರಿಯಾ ಎಂಬ ರೋಗಾಣುವು ಶೀತಪೆಟ್ಟಿಗೆಯ ತಂಪಿನಲ್ಲಿಯೂ ಬೆಳೆಯಬಲ್ಲದು. ಗರ್ಭಿಣಿಯರೂ, ವೃದ್ಧರೂ, ದುರ್ಬಲರೂ ಸಾಸೇಜಿನ ಒಳಗಿನ ಶಾಖವು ೧೬೫ ಡಿಗ್ರಿ ಫಾರನ್‌ಹೀಟ್, ಅಂದರೆ ೭೪ ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದ ಮೇಲೆಯೇ ತಿನ್ನತಕ್ಕದ್ದು. ಹಬೆಯನ್ನು ಕಾಣಲಾರದವಳಿಗೆ ಮಾತಾಡುವ ಉಷ್ಣಮಾಪಕವುಂಟು. ಅದರ ಮೊನೆಯನ್ನು ಸಾಸೇಜಿನ ತುದಿಯಿಂದ ಉದ್ದಕ್ಕೆ ಚುಚ್ಚಿ ಗುಂಡಿಯನ್ನು ಒತ್ತಿದರೆ ಅಂಕೆಯನ್ನು ಗಟ್ಟಿಯಾಗಿ ಹೇಳುವದು.

ಮೊದಲನೆಯ ದಿನ ಒಲೆಯನ್ನು ಹೊತ್ತಿಸಲೇ ಇಲ್ಲ. ಅಂಚುಳ್ಳ ದೊಡ್ಡ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟು, ಏನು ಚೆಲ್ಲಿದರೂ ಅದರೊಳಗೇ ಚೆಲ್ಲಲಿ ಎಂದು ಉಪಾಧ್ಯಾಯಿನಿಯು ಹೇಳಿದಳು. ಅದರ ಮೇಲೆ ಸಣ್ಣ ಕೇಕುಗಳನ್ನು ಬೇಯಿಸುವ ಆರು ಗುಳಿಗಳ ಅಚ್ಚನ್ನಿಟ್ಟು, ಎಡಗಡೆಯಿಂದ ಒಂದೊಂದು ಗುಳಿಗೆ ಒಂದೊಂದು ಪದಾರ್ಥವೆಂದು ಗೊತ್ತುಪಡಿಸಿದಳು. ಸಾಸಿವೆಯ ಗೊಜ್ಜಿನ ಸೀಸೆಗೆ ಒಂದು ರಬ್ಬರು ಬಳೆ, ಟೊಮೇಟೊ ಕೆಚಪ್ಪಿನ ಸೀಸೆಗೆ ಎರಡು. ಕಟ್ಟನ್ನು ಒಡೆದ ದಿನವನ್ನು ಬ್ರೈಲ್ ಚೀಟಿಯಲ್ಲಿ ಬರೆದು ಅಂಟಿಸಬೇಕು; ಏಕೆಂದರೆ ಒಡೆದ ಕಟ್ಟಿನ ಸಾಸೇಜನ್ನು ಶೀತಪೆಟ್ಟಿಗೆಯಲ್ಲಿಟ್ಟರೂ ಒಂದು ವಾರಕ್ಕಿಂತ ಹೆಚ್ಚು ಇಡಲಾಗದು, ಕಾರ್ಖಾನೆಯವರು ಶಾಯಿಯಿಂದ ಅಚ್ಚುಮಾಡಿದ ತಾರೀಖು ಬೆರಳಿಗೆ ತಿಳಿಯದು. ಒಲೆಯ ತಿರುಪುಗಳ ಮೇಲೆ ಉಬ್ಬಿದ ಚುಕ್ಕೆಗಳನ್ನು ಅಂಟಿಸಿ, ಆರಿದ್ದಾಗ ಚುಕ್ಕೆಯು ಎಲ್ಲಿರುವದು, ಸಣ್ಣ ಉರಿಯಾದಾಗ ಎಲ್ಲಿರುವದು ಎಂದು ಹುಡುಗಿಯಿಂದ ಇಪ್ಪತ್ತು ಸಾರಿ ತಿರುಗಿಸಿ ನೋಡಿಸಿದಳು. ಈಗಿನ ಕಾಲದ ಕೆಲವು ಒಲೆಗಳಿಗೆ ತಿರುಪೇ ಇರುವದಿಲ್ಲ. ಗಾಜಿನ ನುಣುಪಾದ ಹಲಗೆಯನ್ನು ಮುಟ್ಟಿದರೆ ಹೊತ್ತಿಕೊಳ್ಳುವದು. ನೋಡುವದಕ್ಕೆ ಅಂದವಾದ ಈ ಹಲಗೆಗಳು ಅಂಧರಿಗೆ ಎಷ್ಟು ತೊಂದರೆಯನ್ನುಂಟುಮಾಡುವವೆಂದು ಅವುಗಳನ್ನು ಮಾಡುವವರು ಒಮ್ಮೆಯಾದರೂ ಕಣ್ಣು ಮುಚ್ಚಿ ನೋಡಬಾರದೇ ಎಂದು ನಮಗನಿಸಿತು.

ಎರಡನೆಯ ದಿನ ಉರಿ. ನೀರು ಮರಳಿದ ಮೇಲೆ ಸಾಸೇಜನ್ನು ಹಾಕುವದು ನಮ್ಮ ರೂಢಿ. ಬೀಳುವಾಗ ಬಿಸಿನೀರು ಕೈಗೆ ಚಿಮ್ಮುವದು. ಆಕೆಯ ಕ್ರಮವೇ ಬೇರೆ. ಆರಿದ ಒಲೆಯ ಮೇಲೆ ಪಾತ್ರೆಯನ್ನಿಟ್ಟು, ಅದು ನಡುವೆ ಕೂತಿದೆಯೇ ಎಂದು ಕೈಯಿಂದ ಸುತ್ತಲೂ ಸವರಿ, ಹಿಡಿಯನ್ನು ಗಡಿಯಾರದ ಮೂರು ಗಂಟೆಯ ಕಡೆಗೆ ತಿರುಗಿಸಿ, ತಣ್ಣೀರನ್ನೂ ಸಾಸೇಜುಗಳನ್ನೂ ಹಾಕಿ, ಆಮೇಲೆಯೇ ಉರಿಯನ್ನು ಹೊತ್ತಿಸಬೇಕು. ಅಲ್ಲಿಂದ ಮುಂದೆ ಕಿವಿಯ ಕೆಲಸ. ನೀರು ಮೊದಲು ಸಣ್ಣಗೆ ಹಾಡುವದು; ಬಳಿಕ ಗುಳುಗುಳು ಎನ್ನುವದು; ತಳಮಳಿಸಿ ಕುದಿಯುವ ಸದ್ದು ಕೇಳಿದೊಡನೆ ಉರಿಯನ್ನು ತಗ್ಗಿಸಬೇಕು, ಇಲ್ಲದಿದ್ದರೆ ಸಾಸೇಜು ಬಿರಿದು ರುಚಿಯು ನೀರಿಗೆ ಹೋಗುವದು. ಪಾತ್ರೆ ಎಲ್ಲಿದೆ ಎಂದು ತಿಳಿಯಬೇಕಾದರೆ ಬರಿಗೈಯನ್ನು ಚಾಚದೆ ಉದ್ದವಾದ ಮರದ ಸೌಟಿನಿಂದ ಮೆಲ್ಲಗೆ ತಡವಿ ತಿಳಿಯತಕ್ಕದ್ದು. ಮುಚ್ಚಳವನ್ನು ತನ್ನ ಕಡೆಗಲ್ಲ, ಆಚೆಯ ಕಡೆಗೆ ಎತ್ತಬೇಕು.

ಇಲ್ಲಿ ನಮ್ಮ ಕೈಯಿಂದಾದ ತಪ್ಪನ್ನು ಹೇಳದೆ ಬಿಡಲಾರೆವು. ಹುಡುಗಿಯು ಇಕ್ಕಳದಿಂದ ಒಂದು ಸಾಸೇಜನ್ನು ಹಿಡಿದೆತ್ತಿದಳು. ಅದು ಜಾರಿ ಪಾತ್ರೆಗೆ ಬಿತ್ತು. ನಾಲ್ಕು ಹನಿ ನೀರು ಒಲೆಯ ಮೇಲೆ ಸಿಡಿದು ಚುರ್ರೆಂದಿತು. ತಾಯಿಯು ಬಾಗಿಲಲ್ಲಿ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾವು ಒಂದೇ ನೆಗೆತಕ್ಕೆ ಎದ್ದು ಹೋಗಿ ಹುಡುಗಿಯ ಕೈಯಿಂದ ಇಕ್ಕಳವನ್ನು ಕಿತ್ತುಕೊಂಡು, ಸಾಸೇಜನ್ನು ತೆಗೆದು ತಟ್ಟೆಯಲ್ಲಿಟ್ಟು, ದೊಡ್ಡ ಉಪಕಾರ ಮಾಡಿದವರಂತೆ ನಿಂತೆವು. ಹುಡುಗಿಯ ಕೈ ಇನ್ನೂ ಚಾಚಿಕೊಂಡೇ ಇತ್ತು. "ಅಜ್ಜೀ, ಇಕ್ಕಳವನ್ನು ಎಲ್ಲಿಟ್ಟಿರಿ?" ಎಂದು ಕೇಳಿದಳು. ಎಲ್ಲಿಟ್ಟೆವೆಂಬದು ನಮಗೇ ನೆನಪಿರಲಿಲ್ಲ. ಅವಳು ಯಾವಾಗಲೂ ಅದನ್ನು ಒಲೆಯ ಬಲಗಡೆಯ ಸಣ್ಣ ತಟ್ಟೆಯಲ್ಲಿಡುತ್ತಿದ್ದಳು. ಅಲ್ಲಿ ಸಿಕ್ಕದಿರಲು ಬರಿಗೈಯಿಂದ ಹುಡುಕತೊಡಗಿ, ಕುದಿಯುವ ಪಾತ್ರೆಯ ಪಕ್ಕಕ್ಕೆ ಎರಡು ಬೆರಳಗಲದ ವರೆಗೆ ಬಂದಳು. ಅಷ್ಟು ಹೊತ್ತು ಆ ಅಡಿಗೆಮನೆಯಲ್ಲಿ ಇಲ್ಲದಿದ್ದ ಅಪಾಯವನ್ನು ತಂದವರು ನಾವೇ. ಮೇಜಿನ ಬಳಿ ಕೂತಿದ್ದ ಉಪಾಧ್ಯಾಯಿನಿಯು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸಿಟ್ಟಾಗದೆ, "ಇಕ್ಕಳವು ತನ್ನ ಸ್ಥಳಕ್ಕೆ ಹೋಗಲಿ. ಸಹಾಯ ಬೇಕೋ ಎಂದು ಮೊದಲು ಬಾಯಿಂದ ಕೇಳಿರಿ" ಎಂದಳು. ನಾವು ಇಕ್ಕಳವನ್ನು ಸಿಂಕಿನ ಆಚೆಯಿಂದ ಹುಡುಕಿ ತಂದು ಅದರ ತಟ್ಟೆಯಲ್ಲಿಟ್ಟು ನಮ್ಮ ಕುರ್ಚಿಗೆ ಹಿಂತಿರುಗಿದೆವು. ಹುಡುಗಿಯು ಸಾಸೇಜನ್ನು ಪಾತ್ರೆಯ ಗೋಡೆಗೆ ಒತ್ತಿ ಹಿಡಿದೆತ್ತುವ ಉಪಾಯವನ್ನು ಕಲಿತು, ಉಳಿದವುಗಳನ್ನು ತಾನೇ ಒಂದೊಂದಾಗಿ ತೆಗೆದಳು.

ಇಂಥಾ ಶಿಕ್ಷಣವು ಆ ಸೀಮೆಗೆ ಹೊಸದಲ್ಲ. ಶಿಕಾಗೋವಿನ ಉತ್ತರಕ್ಕಿರುವ ವಿನೆಟ್ಕಾ ಎಂಬ ಊರಿನಲ್ಲಿ ವಿಲಿಯಂ ಹ್ಯಾಡ್ಲಿ ಎಂಬ ಉಪಾಧ್ಯಾಯರು, ತಾವೇ ದೃಷ್ಟಿಯನ್ನು ಕಳಕೊಂಡು ಬ್ರೈಲ್ ಕಲಿತ ಮೇಲೆ, ೧೯೨೦ರಲ್ಲಿ ಅಂಧರಿಗೆ ಅಂಚೆಯ ಮೂಲಕ ಪಾಠ ಹೇಳುವ ಶಾಲೆಯನ್ನು ಸ್ಥಾಪಿಸಿದರು. ಅವರ ಮೊದಲನೆಯ ವಿದ್ಯಾರ್ಥಿನಿಯು ಕಾನ್ಸಸ್ ಸಂಸ್ಥಾನದ ಒಬ್ಬ ಗೃಹಿಣಿ. ಇನ್ನು ಹ್ಯೂಸ್ಟನ್ ಪಟ್ಟಣದ ಕ್ರಿಸ್ಟೀನ್ ಹಾ ಎಂಬಾಕೆಯು ಪ್ರಾಯದಲ್ಲಿ ದೃಷ್ಟಿಯನ್ನು ಕಳಕೊಂಡವಳಾದರೂ ೨೦೧೨ರಲ್ಲಿ ಮಾಸ್ಟರ್ ಶೆಫ್ ಎಂಬ ದೂರದರ್ಶನದ ಪಾಕಸ್ಪರ್ಧೆಯಲ್ಲಿ ಕಣ್ಣುಳ್ಳವರನ್ನೆಲ್ಲಾ ಗೆದ್ದಳು. ನಮ್ಮ ಹುಡುಗಿಗೆ ಈ ಸಂಗತಿ ಬಾಯಿಪಾಠವಾಗಿತ್ತು; ತಾಯಿಯೊಡನೆ ವಾದ ಬಿದ್ದಾಗಲೆಲ್ಲಾ ಅದನ್ನೇ ಮುಂದಿಡುತ್ತಿದ್ದಳು.

ಚಾಕುವಿನ ಪಾಠವು ಮೂರನೆಯ ದಿನ ನಡೆಯಿತು. ಈರುಳ್ಳಿಯನ್ನು ಮೊದಲು ಎರಡು ಹೋಳು ಮಾಡಿ ಸಮತಟ್ಟಾದ ಮೈಯನ್ನು ಹಲಗೆಗೆ ತಾಗಿಸಿದರೆ ಅದು ಉರುಳದು. ಎಡಗೈಯ ಬೆರಳತುದಿಗಳನ್ನು ಒಳಕ್ಕೆ ಮಡಚಿ ಗೆಣ್ಣುಗಳನ್ನು ಅಲಗಿನ ಪಕ್ಕಕ್ಕೆ ತಾಗಿಸಿಕೊಂಡು ಹೆಚ್ಚಬೇಕು. ಗೆಣ್ಣೇ ಚಾಕುವಿಗೆ ದಾರಿ ತೋರಿಸುವದು. ಚಾಕುವನ್ನು ಕೆಳಗಿಡುವಾಗ ಹಲಗೆಯ ಹಿಂದೆ, ಅಲಗು ಆಚೆಗಿರುವಂತೆ ಇಡಬೇಕು. ಸೋಪಿನ ನೀರಿನೊಳಗೆ ಚಾಕುವನ್ನು ಎಂದಿಗೂ ಬಿಡಕೂಡದು. ಈ ಕೊನೆಯ ಮಾತು ಕಣ್ಣುಳ್ಳವರಿಗೂ ಸಲ್ಲುವದು. ನಮ್ಮ ಹೆಬ್ಬೆರಳಿನ ಗಾಯದ ಕಲೆಯೇ ಸಾಕ್ಷಿ.

ಶಿಕಾಗೋವಿನವರು ಹಾಟ್ ಡಾಗನ್ನು ಅಲಂಕರಿಸುವ ಬಗೆಯು ಪ್ರಸಿದ್ಧವಾದದ್ದು. ಗಸಗಸೆ ಉದುರಿಸಿದ ಬನ್ನು. ಅದರೊಳಗೆ ಹಳದಿ ಸಾಸಿವೆಯ ಗೊಜ್ಜು, ಸೌತೆಯ ಸಿಹಿಯಾದ ಹಸುರು ಉಪ್ಪಿನಕಾಯಿ, ಹೆಚ್ಚಿದ ಈರುಳ್ಳಿ, ಟೊಮೇಟೊ ಹೋಳು, ಉಪ್ಪಿನಲ್ಲಿಟ್ಟ ಸೌತೆಯ ಉದ್ದನೆಯ ಸೀಳು, ಸಣ್ಣ ಉಪ್ಪಿನ ಮೆಣಸಿನಕಾಯಿ, ಕೊನೆಗೆ ಸೆಲರಿಯ ಬೀಜದ ಉಪ್ಪು. ಬನ್ನನ್ನು ಹಬೆಯಲ್ಲಿ ಮೆತ್ತಗೆ ಮಾಡುವದು ವಾಡಿಕೆ. ಆ ಮನೆಯಲ್ಲಿ ಅದಕ್ಕೆ ಇಡ್ಲಿಯ ಪಾತ್ರೆಯೇ ಒದಗಿತು. ಬನ್ನು ಪೂರ್ತಿ ಸೀಳಿರುವದಿಲ್ಲ, ಒಂದು ಪಕ್ಕ ಪುಸ್ತಕದ ಬೆನ್ನಿನಂತೆ ಅಂಟಿಕೊಂಡಿರುವದು. ಆ ಬೆನ್ನನ್ನು ಬೆರಳಿನಿಂದ ಗುರುತಿಸಿ ಅಂಗೈಯಲ್ಲಿಟ್ಟುಕೊಂಡು ತೆರೆಯಬೇಕು. ಅಂಗಡಿಯವರು ಸಾಸಿವೆಯನ್ನು ಸಾಸೇಜಿನ ಮೇಲೆ ಗೆರೆ ಎಳೆದಂತೆ ಸುರಿಯುವರು. ಕಾಣದವಳಿಗೆ ಅದು ಕಷ್ಟ. ಆದುದರಿಂದ ಸಾಸೇಜನ್ನಿಡುವ ಮೊದಲೇ ಬನ್ನಿನ ಒಳಮೈಗೆ ಒಂದು ಚಮಚೆಯಷ್ಟನ್ನು ಚಮಚೆಯ ಬೆನ್ನಿನಿಂದ ಸವರುವದು ಮೇಲು. ಬಳಿಕ ಸಾಸೇಜು; ಅದರ ಒಂದು ಪಕ್ಕಕ್ಕೆ ಟೊಮೇಟೊ, ಇನ್ನೊಂದು ಪಕ್ಕಕ್ಕೆ ಸೌತೆಯ ಸೀಳು. ಇವೆರಡೂ ಗೋಡೆಗಳಂತೆ ನಿಂತು, ನಡುವೆ ಹಾಕಿದ ಈರುಳ್ಳಿಯನ್ನು ಚೆಲ್ಲಗೊಡವು. ಉಪ್ಪನ್ನು ಸೀಸೆಯಿಂದ ನೇರವಾಗಿ ಉದುರಿಸದೆ ಮೊದಲು ಅಂಗೈಗೆ ಹಾಕಿಕೊಂಡು ಚಿಟಿಕೆಯಿಂದ ಉದುರಿಸಬೇಕು. ಅಲ್ಲಿಯ ಜನರಲ್ಲಿ ಅನೇಕರು ಕೆಚಪ್ಪನ್ನು ಹಾಕುವದು ಅಪರಾಧವೆಂದೇ ಎಣಿಸುವರು. ನಮ್ಮ ಹುಡುಗಿಯೋ ಎರಡು ಬಳೆಯ ಸೀಸೆಯನ್ನೇ ಮೊದಲು ಹುಡುಕುವಳು.

ನಾಲ್ಕನೆಯ ದಿನ ಉಪಾಧ್ಯಾಯಿನಿಯು ಬರಲಿಲ್ಲ; ಬರಕೂಡದೆಂದೇ ಮೊದಲೇ ಗೊತ್ತುಮಾಡಿತ್ತು. ತಾಯಿಯನ್ನೂ ನಮ್ಮನ್ನೂ ಹುಡುಗಿಯು ಪಕ್ಕದ ಕೋಣೆಯಲ್ಲಿ ಕೂಡಿಸಿದಳು. ಮುಚ್ಚಳದ ಸದ್ದು, ಉಷ್ಣಮಾಪಕದ ಮಾತು, ನಡುವೆ ಏನೋ ಬಿದ್ದ ಸದ್ದು. ತಾಯಿಯು ಎರಡು ಸಾರಿ ಎದ್ದಳು, ಎರಡು ಸಾರಿಯೂ ಕೂತಳು. ಒಲೆಯ ತಿರುಪು ಟಕ್ಕೆಂದು ಆರಿದ್ದು ನಮಗೂ ಕೇಳಿಸಿತು. ಮೂವರಿಗೂ ಬಡಿಸಿದ ಮೇಲೆ ಹುಡುಗಿಯು ಉಳಿದುದನ್ನು ಎಣಿಸಿದಳು. ಆ ದೇಶದಲ್ಲಿ ಸಾಸೇಜಿನ ಕಟ್ಟಿನಲ್ಲಿ ಬಹುಮಟ್ಟಿಗೆ ೧೦, ಬನ್ನಿನ ಕಟ್ಟಿನಲ್ಲಿ ೮; ಎರಡು ಸಾಸೇಜು ಯಾವಾಗಲೂ ಬನ್ನಿಲ್ಲದೆ ಉಳಿಯುವವು. ಇದನ್ನು ಏನು ಮಾಡುವದೆಂದು ಅವಳು ತಾಯಿಯನ್ನು ಕೇಳಲು, ತಾಯಿಯು, "ನಾಳೆ ಬೆಳಿಗ್ಗೆ ನೀನೇ ಹೆಚ್ಚಿ ಉಪ್ಪಿಟ್ಟಿಗೆ ಹಾಕು, ರವೆ ಹುರಿಯುವದನ್ನು ನಾನು ಹೇಳಿಕೊಡುತ್ತೇನೆ" ಎಂದಳು.