ಕದ್ದ ಕಾಲದ ಲೆಕ್ಕ: ಪಾರಿಜಾತದ ಹಾಡಿನಿಂದ ಪಿಯಾನೊದವರೆಗೆ

ಬೆಳಗಾವಿ ಜಿಲ್ಲೆಯ ಗೋಕಾಕ-ಮೂಡಲಗಿ ಸೀಮೆಯಲ್ಲಿರುವ ಕೌಜಲಗಿಯ ಹೆಸರನ್ನು ಕೇಳಿದೊಡನೆ ಬಯಲಾಟದ ಅಭಿಮಾನಿಗಳಿಗೆ ಶ್ರೀಕೃಷ್ಣ ಪಾರಿಜಾತವು ನೆನಪಾಗುವುದು. ಆ ಆಟವನ್ನು ಬೆಳೆಸಿದ ತಮ್ಮಣ್ಣನ ಕುಲಗೋಡವು ಇಲ್ಲಿಗೆ ಸಮೀಪದಲ್ಲಿಯೇ ಇದೆ. ಪಾರಿಜಾತದ ಕಲಾವಿದೆಯೆಂದು ನಾಡಿಗೆ ಪರಿಚಿತರಾದ ನಿಂಗಮ್ಮನವರು ಕೌಜಲಗಿಯ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತವರು. ರಾತ್ರಿಯೆಲ್ಲ ನಡೆಯುವ ಈ ಆಟವನ್ನು ಕಥೆಗಾಗಿ ನೋಡುವವರು ಬಹಳ. ಹಾಡಿಗಾಗಿ ಕೇಳುವವರೂ ಕಡಿಮೆಯಿಲ್ಲ. ನಾವು ಈ ಎರಡನೆಯ ಗುಂಪಿಗೆ ಸೇರಿದವರು.

ಸತ್ಯಭಾಮೆಯು ಮುನಿಸಿಕೊಂಡು ಹಾಡುವ ಸನ್ನಿವೇಶವನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಪೇಟಿಯು ಸ್ವರವನ್ನು ಹಿಡಿದಿದೆ. ತಬಲಾ ಮತ್ತು ತಾಳಗಳು ಒಂದೇ ನಡಿಗೆಯಲ್ಲಿ ಸಾಗುತ್ತಿವೆ. ಹಾಡುವವರು ಮಾತ್ರ ಆ ನಡಿಗೆಗೆ ಹೆಜ್ಜೆ ಹೊಂದಿಸುತ್ತಿಲ್ಲ. ಮೂರನೆಯ ಮಾತ್ರೆಗೆ ಬರಬೇಕಾದ ಅಕ್ಷರವು ಅದು ದಾಟಿದ ಮೇಲೆ ಬರುತ್ತದೆ. ಮುಂದಿನದು ಇನ್ನೂ ತಡವಾಗುತ್ತದೆ. ಬಳಿಕ ನಾಲ್ಕು ಅಕ್ಷರಗಳು ಒಂದರ ಬೆನ್ನಿಗೊಂದು ಓಡಿಬಂದು ಸಮ್ಮಿನ ಪೆಟ್ಟಿನ ಮೇಲೆ ಸರಿಯಾಗಿ ಕುಳಿತುಬಿಡುತ್ತವೆ. ಆ ಕ್ಷಣಕ್ಕೆ ಕಟ್ಟೆಯ ಮೇಲೆ ಕುಳಿತ ಹಿರಿಯರ ತಲೆಗಳು ಒಟ್ಟಿಗೆ ತೂಗುವುವು.

ಈಗ ಗಡಿಯಾರವನ್ನು ಹಿಡಿದವನೊಬ್ಬನು ಅಲ್ಲಿದ್ದರೆ ಏನೆಂದಾನು? ಎಂಟು ಅಕ್ಷರಗಳಲ್ಲಿ ಐದು ತಮ್ಮ ಸ್ಥಾನದಲ್ಲಿಲ್ಲ ಎಂದು ಬರೆದುಕೊಂಡಾನು. ಅವನ ಅಳತೆಯು ಸುಳ್ಳಲ್ಲ, ತಲೆದೂಗಿದವರ ಕಿವಿಯೂ ಸುಳ್ಳಲ್ಲ. ಇದು ಬರಿಯ ರಸಿಕರ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಸಂಗೀತ ಕಲಿಯುವ ಮಗುವೊಂದು ಒಂದು ಸ್ವರದ ಮೇಲೆ ತುಸು ನಿಂತಾಗ ಅದನ್ನು ತಪ್ಪೆಂದು ತಿದ್ದಬೇಕೆ, ಭಾವವೆಂದು ಬೆಳೆಸಬೇಕೆ ಎಂಬುದನ್ನು ಗುರುವು ಆ ಗಳಿಗೆಯಲ್ಲಿಯೇ ತೀರ್ಮಾನಿಸಬೇಕು. ತಪ್ಪಾಗಿ ತಿದ್ದಿದರೆ ಮಗುವಿನ ಸಂಗೀತವು ಬತ್ತುತ್ತದೆ. ತಪ್ಪಾಗಿ ಹೊಗಳಿದರೆ ಅದಕ್ಕೆ ಲಯವೇ ಹಿಡಿಯುವುದಿಲ್ಲ. ನಮ್ಮನ್ನು ಬಾಲ್ಯದಲ್ಲಿ ತಿದ್ದಿದವರೊಬ್ಬರು ಮೇಜನ್ನು ಕೋಲಿನಿಂದ ಬಡಿದೇ ತಿದ್ದಿದರು. ಆ ಕೋಲಿನ ಸದ್ದು ಇಂದಿಗೂ ಕೆಲವು ಹಾಡುಗಳ ನಡುವೆ ನಮಗೆ ಕೇಳಿಸುವುದುಂಟು.

ಪಾಶ್ಚಾತ್ಯ ಸಂಗೀತದಲ್ಲಿ ಈ ವಿದ್ಯಮಾನಕ್ಕೆ ‘ಟೆಂಪೊ ರುಬಾಟೊ’ ಎಂದು ಹೆಸರು. ಇಟಾಲಿಯನ್ ಭಾಷೆಯ ಈ ಮಾತಿಗೆ ‘ಕದ್ದ ಕಾಲ’ ಎಂದರ್ಥ. ಕಾಲವನ್ನು ಕದಿಯುವ ವಿಷಯವನ್ನು 1723ರಲ್ಲಿಯೇ ಬೊಲೋನಾ ನಗರದಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋಸಿ ಎಂಬ ಗಾಯಕನು ಚರ್ಚಿಸಿದ್ದಾನೆ. ಹಾಡುಗಾರನು ಒಂದು ಸ್ವರದಿಂದ ಕಾಲವನ್ನು ಕದ್ದು ಇನ್ನೊಂದಕ್ಕೆ ಕೊಡುತ್ತಾನೆ. ಪಕ್ಕವಾದ್ಯವು ತನ್ನ ಪಾಡಿಗೆ ತಾನು ನಡೆಯುತ್ತದೆ. ಕೌಜಲಗಿಯ ಕಟ್ಟೆಯ ಮೇಲೆ ಕುಳಿತವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಆದರೆ ಕದಿಯುವವನೂ ಕಾವಲುಗಾರನೂ ಒಬ್ಬನೇ ಆದರೆ ಹೇಗೆ? ಪಿಯಾನೊ ವಾದಕನ ಪಾಡು ಅದೇ. ಅವನ ಬಲಗೈ ಹಾಡುತ್ತದೆ, ಎಡಗೈ ತಬಲಾದವನ ಕೆಲಸವನ್ನು ಮಾಡುತ್ತದೆ. ಮೊಜಾರ್ಟನು 1777ರ ಅಕ್ಟೋಬರದಲ್ಲಿ ತಂದೆಗೆ ಬರೆದ ಪತ್ರವೊಂದರಲ್ಲಿ, ನಿಧಾನದ ರಚನೆಯಲ್ಲಿ ಬಲಗೈ ಹಿಂದುಮುಂದಾದರೂ ತನ್ನ ಎಡಗೈಗೆ ಅದರ ಸುದ್ದಿಯೇ ತಿಳಿಯದಿರುವುದನ್ನು ಕಂಡು ಜನರು ಬೆರಗಾಗುವರೆಂದು ಹೇಳಿಕೊಂಡಿದ್ದಾನೆ. ಶೋಪಾನನೂ ಎಡಗೈಯನ್ನು ಮೇಳದ ನಾಯಕನಿಗೆ ಹೋಲಿಸುತ್ತಿದ್ದನೆಂದು ಅವನ ಶಿಷ್ಯರು ಬರೆದಿಟ್ಟಿದ್ದಾರೆ. ಕಾಲವನ್ನು ಕದಿಯುವುದರಲ್ಲಿ ಹೆಸರಾದ ಈ ಶೋಪಾನನ ಪಿಯಾನೊದ ಮೇಲೆ ಮೆಟ್ರೊನೋಮ್ ಎಂಬ ಮಾತ್ರಾಯಂತ್ರವು ಯಾವಾಗಲೂ ಇರುತ್ತಿತ್ತಂತೆ!

ಪಿಯಾನೊಗೆ ಕಾಲದ ಈ ಚೌರ್ಯವು ಏಕೆ ಇಷ್ಟು ಅವಶ್ಯವಾಯಿತೆಂಬುದಕ್ಕೆ ಆ ವಾದ್ಯದ ರಚನೆಯಲ್ಲಿಯೇ ಕಾರಣವಿದೆ. ಹಾಡುವವರು ಸ್ವರವನ್ನು ಹಿಡಿದ ಮೇಲೆ ಅದನ್ನು ಉಬ್ಬಿಸಬಹುದು, ಇಳಿಸಬಹುದು, ಮೀಂಡಿನಿಂದ ಪಕ್ಕದ ಸ್ವರಕ್ಕೆ ಜಾರಿಸಬಹುದು. ಪೇಟಿಯಲ್ಲಿ ಜಾರಿಸಲು ಬಾರದು. ಆದರೂ ತಿದಿಯ ಒತ್ತಡದಿಂದ ಸ್ವರವನ್ನು ಉಬ್ಬಿಸಲು ಬರುತ್ತದೆ. ಪಿಯಾನೊದಲ್ಲಿ ಎರಡೂ ಸಾಧ್ಯವಿಲ್ಲ. ಮನೆಯನ್ನು ಒತ್ತಿದಾಗ ಉಣ್ಣೆಯ ಹೊದಿಕೆಯ ಸುತ್ತಿಗೆಯೊಂದು ಹಾರಿಹೋಗಿ ತಂತಿಯನ್ನು ಬಡಿದು ಹಿಂದಿರುಗುತ್ತದೆ. ಬಡಿದ ಕ್ಷಣದಿಂದಲೇ ನಾದವು ಕ್ಷೀಣಿಸತೊಡಗುತ್ತದೆ. ಅದನ್ನು ಇನ್ನಷ್ಟು ಹೊತ್ತು ನಿಲ್ಲಗೊಡಬಹುದು, ಇಲ್ಲವೆ ಅಡಗಿಸಬಹುದು; ಮತ್ತೆ ಉಬ್ಬಿಸುವಂತಿಲ್ಲ. ಆದುದರಿಂದ ವಾದಕನ ಕೈಯಲ್ಲಿ ಮುಖ್ಯವಾಗಿ ಉಳಿಯುವ ಸಾಧನಗಳು ಎರಡೇ: ಎಷ್ಟು ಬಲವಾಗಿ ಬಡಿಯಬೇಕು, ಯಾವಾಗ ಬಡಿಯಬೇಕು. ಗಾಯಕನು ಹತ್ತು ಬಗೆಯಲ್ಲಿ ಹೇಳುವುದನ್ನು ಅವನು ಈ ಎರಡರಲ್ಲಿಯೇ ಹೇಳಬೇಕು. ಈ ಎರಡೂ ಒಂದಕ್ಕೊಂದು ಹೆಣೆದುಕೊಂಡಿರುವುದು ಇನ್ನೊಂದು ಸ್ವಾರಸ್ಯ. ಬಲವಾಗಿ ಒತ್ತಿದ ಮನೆಯ ಸುತ್ತಿಗೆಯು ಹೆಚ್ಚು ವೇಗದಿಂದ ಹೋಗಿ ತಂತಿಯನ್ನು ಬೇಗ ಮುಟ್ಟುತ್ತದೆ. ಹತ್ತೂ ಬೆರಳುಗಳನ್ನು ಒಮ್ಮೆಗೇ ಇಳಿಸಿದರೂ, ಎತ್ತಿ ನುಡಿಸಿದ ರಾಗದ ಸ್ವರವು ಉಳಿದವುಗಳಿಗಿಂತ ಸುಮಾರು 30 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ನೂರರಲ್ಲಿ ಮೂರು ಪಾಲಿನಷ್ಟು, ಮುಂಚೆ ಹೊರಡುವುದನ್ನು ಅಳೆದು ನೋಡಿದ್ದಾರೆ.

ಹತ್ತೊಂಬತ್ತನೆಯ ಶತಮಾನವು ಮುಂದುವರಿದಂತೆ ರುಬಾಟೊದ ಅರ್ಥವು ಹಿಗ್ಗಿತು. ಎಡಗೈಯೂ ಬಲಗೈಯೊಡನೆ ಸೇರಿ ನಿಧಾನಿಸತೊಡಗಿತು. ಇಡೀ ಮೇಳವೇ ತಡೆದು ನಿಂತು ಮತ್ತೆ ಓಡಿದಂತಾಯಿತು. ಈ ಎರಡು ಬಗೆಗಳ ಅಂತರವನ್ನು ಅಂಕಿಗಳಲ್ಲಿ ನೋಡೋಣ. ಎಣಿಕೆಯ ಸೌಕರ್ಯಕ್ಕಾಗಿ ಎಂಟು ಮಾತ್ರೆಯ ಆವರ್ತವನ್ನೂ ಮಾತ್ರೆಗೆ 0.75 ಸೆಕೆಂಡನ್ನೂ ಇಟ್ಟುಕೊಂಡರೆ ಆವರ್ತವು 6 ಸೆಕೆಂಡಿನದಾಗುತ್ತದೆ. ನಮ್ಮ ಸತ್ಯಭಾಮೆಯು ಮೂರನೆಯ ಮಾತ್ರೆಯಲ್ಲಿ 0.3 ಸೆಕೆಂಡು ತಡೆದರೂ, ನಾಲ್ಕರಲ್ಲಿ 0.4 ಸೆಕೆಂಡು ತಡೆದರೂ, ಸಮ್ಮು 6 ಸೆಕೆಂಡಿಗೇ ಬೀಳುತ್ತದೆ. ಅವಳು ಸಾಲವನ್ನು ಅಷ್ಟರೊಳಗೆ ತೀರಿಸಲೇಬೇಕು. ಎರಡನೆಯ ಬಗೆಯಲ್ಲಿ ಆವರ್ತವೇ ಹಿಗ್ಗಿ 6.6 ಸೆಕೆಂಡಾಗಬಹುದು, ಮುಂದಿನದು ಕುಗ್ಗಿ 5.8 ಆಗಬಹುದು. ಒಟ್ಟು 12.4. ಮೇಲಿನ 0.4 ಸೆಕೆಂಡನ್ನು ಯಾರೂ ಹಿಂದಿರುಗಿಸಲಿಲ್ಲ. ಕದ್ದದ್ದನ್ನು ಮರಳಿಸಬೇಕೆಂಬ ಹಳೆಯ ಗುರುಗಳ ನಿಯಮವನ್ನು ಪೋಲೆಂಡಿನ ಪ್ರಖ್ಯಾತ ವಾದಕ ಪಾದೆರೆವ್ಸ್ಕಿಯು ಒಪ್ಪದೆ ಹೋದನು. ಹೋದ ಕಾಲವು ಹೋಯಿತೆಂದೇ ಅವನ ವಾದ. ನಿಯಮವನ್ನು ಹೇಳಿದವರೂ ಅದನ್ನು ಕೈಯಲ್ಲಿ ಪಾಲಿಸಿದರೆಂದು ನಂಬಬೇಕಾಗಿಲ್ಲ; ಸಂಗೀತಗಾರರು ಹೇಳುವುದು ಒಂದು, ನುಡಿಸುವುದು ಇನ್ನೊಂದು ಎಂಬುದಕ್ಕೆ ದೃಷ್ಟಾಂತಗಳು ಎಲ್ಲ ದೇಶಗಳಲ್ಲಿಯೂ ಸಿಗುತ್ತವೆ.

ಚಾರ್ಲ್ಸ್ ಹಾಲೆ ಎಂಬ ವಾದಕನು ಹೇಳಿದ ಪ್ರಸಂಗವು ಇಲ್ಲಿ ನೆನಪಿಗೆ ಬರುತ್ತದೆ. ಶೋಪಾನನು ತನ್ನ ಮಜುರ್ಕಾಗಳನ್ನು ನುಡಿಸುವಾಗ ಮೂರು ಎಣಿಕೆಯ ಬದಲು ನಾಲ್ಕು ಎಣಿಕೆ ಕೇಳಿಸುತ್ತದೆಂದು ಹಾಲೆಯು ತಿಳಿಸಿದನು. ಶೋಪಾನನು ಬಲವಾಗಿ ಅಲ್ಲಗಳೆದನು. ಹಾಲೆಯು ಅವನನ್ನು ಕೂಡಿಸಿ ನುಡಿಸಗೊಟ್ಟು, ತಾನು ಗಟ್ಟಿಯಾಗಿ ನಾಲ್ಕು ಎಣಿಸಿದನು, ಎಣಿಕೆಯು ಸರಿಹೊಂದಿತು! ಶೋಪಾನನು ನಕ್ಕು, ಆ ಕುಣಿತದ ದೇಶೀಯ ಗುಣವೇ ಇದಕ್ಕೆ ಕಾರಣವೆಂದನು. ಪೋಲೆಂಡಿನ ಹಳ್ಳಿಯ ಕುಣಿತದಲ್ಲಿ ಒಂದು ಹೆಜ್ಜೆಯು ಉಳಿದವಕ್ಕಿಂತ ದೀರ್ಘ. ಆ ನೆಲದವರಿಗೆ ಅದು ಮೂರೇ. ಹೊರಗಿನವನ ಎಣಿಕೆಗೆ ಅದು ನಾಲ್ಕು.

ಕಿವಿಗಿಂತ ನಿಷ್ಪಕ್ಷವಾದ ಸಾಕ್ಷಿಯು ಬೇಕಾಗಿತ್ತು. 1904ರಲ್ಲಿ ಜರ್ಮನಿಯಲ್ಲಿ ಬಂದ ವೆಲ್ಟೆ-ಮಿನಿಯಾನ್ ಎಂಬ ಯಂತ್ರವು ವಾದಕನ ಬೆರಳ ಕೆಲಸವನ್ನು ಕಾಗದದ ಸುರುಳಿಯಲ್ಲಿ ರಂಧ್ರಗಳಾಗಿ ಉಳಿಸಿತು. 1930ರ ದಶಕದಲ್ಲಿ ಅಮೆರಿಕದ ಐಯೊವಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಸೀಶೋರ್ ಮತ್ತು ಅವರ ಸಂಗಡಿಗರು ಪಿಯಾನೊದ ಸುತ್ತಿಗೆಗಳ ಚಲನೆಯನ್ನೇ ಚಲಚ್ಚಿತ್ರದ ಫಿಲ್ಮಿನ ಮೇಲೆ ಹಿಡಿದರು. ಈ ಅಳತೆಗಳಿಂದ ಹೊರಪಟ್ಟ ಮುಖ್ಯ ಸಂಗತಿಯಿದು: ನುರಿತ ವಾದಕನು ಒಂದು ರಚನೆಯನ್ನು ಮತ್ತೆ ನುಡಿಸಿದಾಗ ಅವನು ತಡೆಯುವ ಸ್ಥಾನಗಳು ಬಹುಮಟ್ಟಿಗೆ ಅವೇ ಆಗಿರುತ್ತವೆ. ಯಂತ್ರದಂತೆ ನುಡಿಸೆಂದು ಕೇಳಿಕೊಂಡರೂ ಆ ಏರಿಳಿತಗಳು ಸಣ್ಣವಾಗುತ್ತವೆಯೇ ಹೊರತು ಪೂರ್ತಿ ಅಳಿಯುವುದಿಲ್ಲವೆಂದು ಮುಂದಿನ ಪ್ರಯೋಗಗಳು ತೋರಿಸಿದವು.

1992ರಲ್ಲಿ ಅಮೆರಿಕದ ಹಾಸ್ಕಿನ್ಸ್ ಪ್ರಯೋಗಾಲಯದ ಬ್ರೂನೊ ರೆಪ್ ಎಂಬವರು ಶೂಮಾನನ ‘ಟ್ರೊಯ್ಮೆರೈ’ ಎಂಬ ಪುಟ್ಟ ರಚನೆಯನ್ನು ಆಯ್ದುಕೊಂಡರು. ಇದು 1838ರಲ್ಲಿ ರಚಿತವಾದದ್ದು. ಹೆಸರಿಗೆ ‘ಕನಸು ಕಾಣುವಿಕೆ’ ಎಂದರ್ಥ. ರೆಪ್ಪರು 24 ಮಂದಿ ಪ್ರಸಿದ್ಧರ 28 ಧ್ವನಿಮುದ್ರಣಗಳಲ್ಲಿ ಸ್ವರದಿಂದ ಸ್ವರಕ್ಕೆ ಇರುವ ಅಂತರವನ್ನೆಲ್ಲ ಅಳೆದರು. ಫಲಿತವು ಗಮನಾರ್ಹವಾಗಿದೆ. ಒಂದು ವಾಕ್ಯದಷ್ಟು ರಾಗವು ಮುಗಿಯುವಲ್ಲಿ ಎಲ್ಲರೂ ನಿಧಾನಿಸುತ್ತಾರೆ. ದೊಡ್ಡ ವಿಭಾಗವು ಮುಗಿಯುವಲ್ಲಿ ಇನ್ನೂ ಹೆಚ್ಚು. ಇದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಭಿನ್ನತೆಯಿರುವುದು ಸಣ್ಣ ವಿವರಗಳಲ್ಲಿ, ವಾಕ್ಯದ ಒಳಗೆ. ಕೊರ್ಟೊ ಮತ್ತು ಹೊರೊವಿಟ್ಸ್ ಎಂಬಿಬ್ಬರು ಉಳಿದವರಿಂದ ಬೇರೆಯಾಗಿಯೇ ನಿಂತರು. ಅವರಲ್ಲಿ ಒಬ್ಬೊಬ್ಬರ ಮೂರು ಮುದ್ರಣಗಳಿದ್ದು, ಅವು ಒಂದನ್ನೊಂದು ಹೋಲುತ್ತಿದ್ದವು.

ವಾಕ್ಯದ ಕೊನೆಯಲ್ಲಿ ಅಕ್ಷರವನ್ನು ಎಳೆಯುವುದು ಮಾತಿನಲ್ಲಿಯೂ ಉಂಟು. ನಾವು ಮಾತನ್ನು ಮುಗಿಸುವಾಗ ಕೊನೆಯ ಅಕ್ಷರಗಳು ತಾವಾಗಿಯೇ ದೀರ್ಘವಾಗುತ್ತವೆ. ಸಂಗೀತದ ಕೊನೆಯ ನಿಧಾನಕ್ಕೆ ಮೈಯ ಚಲನೆಯೊಡನೆಯೂ ನಂಟಿರುವಂತಿದೆ. ಸ್ಟಾಕ್‌ಹೋಮಿನ ಫ್ರೀಬರ್ಗ್ ಮತ್ತು ಸುಂಡ್‌ಬೆರ್ಗ್ ಎಂಬವರು 1999ರಲ್ಲಿ, ಓಡುವವನು ವೇಗವನ್ನು ತಗ್ಗಿಸಿ ನಿಲ್ಲುವ ಕ್ರಮವೂ ಸಂಗೀತದ ರಚನೆಯೊಂದು ನಿಧಾನಿಸಿ ಮುಗಿಯುವ ಕ್ರಮವೂ ಒಂದೇ ಬಗೆಯ ರೇಖೆಯನ್ನು ಬರೆಯುತ್ತವೆಂದು ತೋರಿಸಿದರು.

ಕೇಳುವವರ ಕಿವಿಯ ಪರೀಕ್ಷೆಯು ನಮಗೆ ಇವೆಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಒಂದೇ ಸಮನೆ ಬೀಳುವ ಪೆಟ್ಟುಗಳಲ್ಲಿ ಒಂದು ಪೆಟ್ಟು ನೂರಕ್ಕೆ ಎರಡು-ಮೂರು ಪಾಲಿನಷ್ಟು ಜರುಗಿದರೂ ಸೂಕ್ಷ್ಮವಾದ ಕಿವಿಯು ಹಿಡಿಯುತ್ತದೆ. ಆದರೆ ರೆಪ್ಪರು ಕಂಪ್ಯೂಟರಿನಿಂದ ಯಾಂತ್ರಿಕವಾಗಿ ನುಡಿಸಿದ ಸಂಗೀತದಲ್ಲಿ ಅಲ್ಲಲ್ಲಿ ಒಂದೊಂದು ಸ್ವರವನ್ನು ಉದ್ದಮಾಡಿ ಕೇಳಿಸಿದಾಗ, ವಾಕ್ಯದ ನಡುವೆ ಮಾಡಿದ್ದು ಸುಲಭವಾಗಿ ಸಿಕ್ಕಿಬಿತ್ತು. ವಾಕ್ಯದ ಕೊನೆಯಲ್ಲಿ ಮಾಡಿದ್ದು ಅನೇಕ ವೇಳೆ ಸಿಕ್ಕಿಬೀಳಲಿಲ್ಲ. ಕೊನೆಯಲ್ಲಿ ತಡವಾಗಲೇಬೇಕೆಂದು ಕಿವಿಯು ಮೊದಲೇ ನಿರೀಕ್ಷಿಸಿಕೊಂಡಿರುತ್ತದೆ. ಹೀಗಿರಲು, ಗಡಿಯಾರದ ‘ಸರಿ’ಯು ಕಿವಿಯ ‘ಸರಿ’ಯಲ್ಲ.

ಮೊದಲಿನ ಪ್ರಶ್ನೆಗೆ ಈಗ ಉತ್ತರವನ್ನು ಹುಡುಕಬಹುದು. ಮಗುವು ತಡೆದದ್ದು ತಪ್ಪೋ ಭಾವವೋ ಎಂಬುದನ್ನು ಒಮ್ಮೆ ಕೇಳಿ ನಿರ್ಧರಿಸಬಾರದು. ಅದೇ ಸಾಲನ್ನು ಮೂರು ಸಲ ಹಾಡಿಸಬೇಕು. ತಪ್ಪು ಅಲೆಮಾರಿ, ಒಂದು ಸಲ ಇಲ್ಲಿ, ಇನ್ನೊಂದು ಸಲ ಅಲ್ಲಿ. ಭಾವದ ತಡೆಯು ಅದೇ ಸ್ಥಳಕ್ಕೆ ಮರಳುತ್ತದೆ, ಸಾಹಿತ್ಯದ ಅರ್ಥವೋ ರಾಗದ ವಾಕ್ಯವೋ ಅದಕ್ಕೆ ಆಧಾರವಾಗಿರುತ್ತದೆ. ಕಷ್ಟದ ತಾನಿನ ಮುಂದೆ ಪ್ರತಿಸಲವೂ ತಡವರಿಸುವುದು ಬೇರೆ. ಅದನ್ನು ನಿಧಾನವಾಗಿ ಹಾಡಿಸಿದರೆ ಆ ತಡೆಯು ಮಾಯವಾಗುವುದರಿಂದ ಗುರುತು ಸಿಗುತ್ತದೆ. ನಮ್ಮ ಪದ್ಧತಿಯಲ್ಲಿ ಮತ್ತೊಂದು ಒರೆಗಲ್ಲೂ ಉಂಟು. ವಿಲಂಬಿತ ಖ್ಯಾಲಿನಲ್ಲಿ ಗಾಯಕನು ಠೇಕಾದ ಮೇಲೆ ಎಷ್ಟೇ ತೇಲಿದರೂ ಸಮ್ಮಿಗೆ ಬಂದೇ ಬರಬೇಕು. ಇದೇ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಮುದ್ರಣಗಳನ್ನು ಕೈಯಲ್ಲಿ ತಾಳ ಹಾಕಿಕೊಂಡು ಕೇಳಿದವರಿಗೆ ಇದರ ರುಚಿಯು ಗೊತ್ತು.

ಸಂಗೀತವನ್ನು ಬರೆದ ಕಾಗದದಲ್ಲಿ ಈ ತಡೆಗಳು ಉಳಿಯುವುದಿಲ್ಲ. ಇದನ್ನು ಚೆನ್ನಾಗಿ ಅರಿತವರೊಬ್ಬರು ಮೈಸೂರಿನಲ್ಲಿದ್ದರು. ಸ್ವತಃ ಪಿಯಾನೊ ಕಲಿತಿದ್ದ ಮಹಾರಾಜ ಜಯಚಾಮರಾಜೇಂದ್ರ ಒಡೆಯರು, ಲಂಡನ್ನಿನಲ್ಲಿ ಬಡತನ ಮತ್ತು ಅನಾರೋಗ್ಯಗಳಲ್ಲಿ ದಿನ ಕಳೆಯುತ್ತಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣವನ್ನು ಒದಗಿಸಿದರು. ರಚನಕಾರನೇ ಪಿಯಾನೊದ ಮುಂದೆ ಕುಳಿತನು. ಮೆಟ್ನರನು ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡನು. ಅವನ ಸ್ವರಗಳು ಹೇಗಾದರೂ ಅಚ್ಚಿನಲ್ಲಿ ಉಳಿಯುತ್ತಿದ್ದವು. ಆ ಸ್ವರಗಳ ನಡುವೆ ಅವನು ಎಷ್ಟು ಹೊತ್ತು ಕಾಯುತ್ತಿದ್ದನೆಂಬುದು ಉಳಿದದ್ದು ಆ ಮುದ್ರಣಗಳಿಂದ.

ಕೌಜಲಗಿಯ ಸುತ್ತಿನ ಊರುಗಳಲ್ಲಿ ಪಾರಿಜಾತವನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವ ತರುಣರಿಗೆ ಒಂದು ಮಾತನ್ನು ಹೇಳಬೇಕು. ಹಾಡುವವರ ಬಾಯಿಯ ಬಳಿ ಮಾತ್ರ ಯಂತ್ರವನ್ನು ಹಿಡಿಯಬೇಡಿರಿ. ತಬಲಾದ ಪೆಟ್ಟು ಸ್ಪಷ್ಟವಾಗಿ ಬೀಳುವಂತೆ ನಡುವೆ ಇಡಿರಿ. ತಬಲಾದ ಬದಲು ಮಾತ್ರಾಯಂತ್ರವನ್ನು ಹಚ್ಚಿ ಹಾಡಿಸಬೇಡಿರಿ, ಏಕೆಂದರೆ ಯಂತ್ರವು ಹಾಡುವವರ ಉಸಿರನ್ನು ನೋಡುವುದಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಧ್ವನಿಯ ಅಲೆಗಳ ಚಿತ್ರವನ್ನು ತೆರೆದರೆ ತಬಲಾದ ಪೆಟ್ಟುಗಳು ನೆಟ್ಟಗೆ ನಿಂತ ಕಡ್ಡಿಗಳಂತೆ ಕಾಣುವುವು. ಅವುಗಳ ಪಕ್ಕದಲ್ಲಿ ಅಕ್ಷರಗಳು ಎಲ್ಲೆಲ್ಲಿ ಏಳುವುವೆಂದು ಗುರುತಿಸಿ, ಮುಂದಿನ ಆಟದಲ್ಲಿ ಅದೇ ಹಾಡನ್ನು ಮತ್ತೆ ಮುದ್ರಿಸಿ, ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿರಿ.